ಹೆಸರು ಹೇಳದ ರಂಗಪ್ಪ ಕಾಕಾ

ನೆಲದ ಮೇಲೆ ಪ್ರಾಣಿಯ ಹೆಜ್ಜೆ ಕಂಡರೆ ರಂಗಪ್ಪ ಕಾಕಾ ಮೊದಲು ಚಪ್ಪಲಿ ಬಿಡುತ್ತಿದ್ದರು. ಆಮೇಲೆ ಕುಕ್ಕರಗಾಲಲ್ಲಿ ಕುಳಿತು, ಅಂಗೈಯನ್ನು ಅದರ ಪಕ್ಕ ಊರಿ, "ಹೆಣ್ಣು ಹಂದಿ. ಜೋಡಿ ಮರಿ ಅದಾವು. ಹೊಳಿ ಕಡಿ ಹೋಗ್ಯಾವು" ಎನ್ನುತ್ತಿದ್ದರು. ಅರಣ್ಯ ಇಲಾಖೆಯ ಗಾರ್ಡ್ ಆಗಿ ದೇವದುರ್ಗಕ್ಕೆ ಹೊಸದಾಗಿ ಬಂದಿದ್ದ ನನಗೆ ಇದನ್ನು ನಂಬಲು ಒಂದು ತಿಂಗಳು ಬೇಕಾಯಿತು.

ಪ್ರಾಯದಲ್ಲಿ ಅವರು ಊರಿನ ಹಂದಿ ಬೇಟೆಗೆ ಮುಂದಾಳು. ಆಗ ಬೇಟೆಯೆಂದರೆ ಇಪ್ಪತ್ತು ಮಂದಿ, ನಾಯಿಗಳು, ಬಲೆ, ದಿನವಿಡೀ ಅಲೆದಾಟ. ಎಷ್ಟೋ ಸಲ ಬರಿಗೈಲಿ ಮನೆಗೆ. ಬೇಟೆ ಬಿಟ್ಟ ಮೇಲೆ ನಮ್ಮಲ್ಲಿ ದಿನಗೂಲಿ ವಾಚರ್ ಆದರು. ಗುಡ್ಡದ ಚಿರತೆಗಳನ್ನು ಎಣಿಸಲು ಕ್ಯಾಮೆರಾಗಳು ಬಂದಾಗ, ಯಾವ ಜಾಲಿ ಮರಕ್ಕೆ ಕಟ್ಟಬೇಕೆಂದು ತೋರಿಸಿದವರು ಅವರೇ. ಎದುರಿಗೆ ಏನು ಹಾದರೂ ತಾನಾಗಿ ಫೋಟೊ ಹಿಡಿಯುವ ಆ ಡಬ್ಬಿಯನ್ನು ಕಂಡು ನಕ್ಕಿದ್ದರು.

ಕೆಲವೇ ವರ್ಷಗಳಲ್ಲಿ ಬೇಟೆಯವರೂ ಅಂಥವೇ ಕ್ಯಾಮೆರಾ ಆನ್‌ಲೈನಿನಲ್ಲಿ ತರಿಸತೊಡಗಿದರು. ಹಂದಿ ಯಾವ ಹೊತ್ತಿಗೆ ಎಲ್ಲಿ ಬರುತ್ತದೆಂದು ಮನೆಯಲ್ಲೇ ಮೊಬೈಲಿನಲ್ಲಿ ನೋಡಿ, ಅಲ್ಲಿಗೆ ಉರುಳು ಹಾಕುತ್ತಿದ್ದರು. ಮಾನ್ವಿ ತಾಲ್ಲೂಕಿನ ಮಲ್ಲಟದ ಹತ್ತಿರ ನಾವು ಅಂಥದ್ದೊಂದು ಕ್ಯಾಮೆರಾ ಬಿಚ್ಚಿ ತಂದ ದಿನ ಕಾಕಾ ನಗಲಿಲ್ಲ.

"ನಾವು ಹಂದಿ ಹಿಂದ ಓಡತಿದ್ವಿ ಸಾಹೇಬ್ರ. ಅದಕ್ಕೂ ತಪ್ಪಿಸ್ಕೊಳ್ಳಾಕ ಒಂದು ದಾರಿ ಇತ್ತು. ಈಗ ಅದಕ್ಕೇನದ?"

ಮುಂದಿನ ಬೇಸಿಗೆಯಲ್ಲಿ ನಮ್ಮ ಕ್ಯಾಮೆರಾದಲ್ಲಿ ಮನುಷ್ಯನೊಬ್ಬ ಸಿಕ್ಕ. ಮುಖಕ್ಕೆ ಟವೆಲ್ಲು, ಹೆಗಲ ಮೇಲೆ ಸತ್ತ ಹಂದಿ. ಯಾರಿಗೂ ಗುರುತು ಹತ್ತಲಿಲ್ಲ. ಕಾಕಾ ಆ ಫೋಟೊವನ್ನು ಬಹಳ ಹೊತ್ತು ನೋಡಿದರು.

"ಗೊತ್ತಾಯ್ತೇನು ಕಾಕಾ?"

"ಗೊತ್ತಾಯ್ತ್ರಿ. ಹೆಸರು ನನ್ನ ಬಾಯಿಂದ ಕೇಳಬ್ಯಾಡ್ರಿ. ನಾಳಿ ಕರಕೊಂಡು ಬರ್ತೀನಿ."

ಮರುದಿನ ಅವರು ಕರೆತಂದದ್ದು ಸ್ವಂತ ತಮ್ಮ ಅಮರಪ್ಪನನ್ನು. ಅವನು ತಪ್ಪೊಪ್ಪಿಕೊಂಡ, ಕೇಸಾಯಿತು. ಅಂದಿನಿಂದ ಅಣ್ಣನ ಜೊತೆ ಮಾತು ಬಿಟ್ಟ. ಮಗಳ ಮದುವೆಗೂ ಕರೆಯಲಿಲ್ಲ. ಕಾಕಾನ ಹೆಂಡತಿ ನನ್ನೆದುರಿಗೇ ಒಮ್ಮೆ ಸಿಟ್ಟಿನಿಂದ ಕೇಳಿದರು, "ಗೊತ್ತಿಲ್ಲ ಅಂದಿದ್ರ ಏನಾಗತಿತ್ತು?"

"ಗೊತ್ತಿತ್ತಲ್ಲ" ಎಂದರು ಕಾಕಾ. ಆ ಹೊತ್ತು ಅವರು ಊಟ ಮಾಡಲಿಲ್ಲ.

ಆಮೇಲೆ ನನಗೆ ರಾಯಚೂರಿಗೆ ವರ್ಗವಾಯಿತು. ಹೋದ ವರ್ಷ ಒಂದು ಮಧ್ಯಾಹ್ನ ಅಲ್ಲಿನ ಆಸ್ಪತ್ರೆಯ ಗೇಟಿನಲ್ಲಿ ಕಾಕಾ ಸಿಕ್ಕರು, ಕೈಯಲ್ಲಿ ಖಾಲಿ ಬುತ್ತಿ ಡಬ್ಬಿ. ಅಮರಪ್ಪನಿಗೆ ಹೊಟ್ಟೆಯ ಆಪರೇಷನ್ ಆಗಿ ಎಂಟು ದಿನವಾಗಿತ್ತು. ಕಾಕಾ ದಿನಾ ದೇವದುರ್ಗದಿಂದ ಬಸ್ಸಿನಲ್ಲಿ ಬಂದುಹೋಗುತ್ತಿದ್ದರು.

"ಮಾತಾಡಿದನೇನು?" ಎಂದೆ.

"ಇಲ್ರಿ. ಇಷ್ಟು ದಿನ ಬುತ್ತಿ ಅವನ ಹೆಂಡ್ತಿ ಕೈಯಾಗ ಕೊಟ್ಟು ಹೊರಗ ಕುಂದರತಿದ್ದೆ. ಇವತ್ತು ಅಕಿ ಇರಲಿಲ್ಲ. ಅವನೇ ಕೈ ಚಾಚಿ ತಗೊಂಡ."

ಬಸ್ಸಿಗೆ ಹೊತ್ತಾಯಿತೆಂದು ಚಹಾ ಕುಡಿಯಲೂ ನಿಲ್ಲಲಿಲ್ಲ. ಆ ಮಳೆಗಾಲದಲ್ಲಿಯೇ ಕಾಕಾ ತೀರಿಕೊಂಡರು. ಮಣ್ಣಿಗೆ ನಾನೂ ಹೋಗಿದ್ದೆ. ಆಪರೇಷನ್ ಆದವನು ಭಾರ ಹೊರಬಾರದೆಂದು ಎಲ್ಲರೂ ತಡೆದರೂ ಕೇಳದೆ, ಅಮರಪ್ಪ ಕೊನೆಯವರೆಗೂ ಹೆಗಲು ಕೊಟ್ಟ.