ಬಾವಿಯ ಮೇಲೊಂದು ಕಾರಂಜಿ

ಬಸ್ಸು ಕಾಪುವಿನಲ್ಲಿ ಕೆಟ್ಟು ನಿಂತಿತು. ಪಕ್ಕದಲ್ಲೇ, ಮುಚ್ಚಿಹೋದ ಹಂಚಿನ ಕಾರ್ಖಾನೆಯ ಜಾಗದಲ್ಲಿ ಹೊಸ ಉದ್ಯಾನ ಏಳುತ್ತಿತ್ತು. ನಡುವಿನ ಕಾರಂಜಿಗೆ ಟ್ಯಾಂಕರಿನಿಂದ ನೀರು ತುಂಬಿಸುತ್ತಿದ್ದರು. ಬೇಲಿಯ ಹೊರಗೆ ಖಾಲಿ ಕೊಡಪಾನ ಹಿಡಿದು ನಿಂತಿದ್ದ ಗಿರಿಜಕ್ಕ ಇದೇ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಹಂಚು ಹೊತ್ತವರಂತೆ.

“ನಮ್ಮ ಬಾವಿ ಇದ್ದದ್ದು ಅಲ್ಲಿಯೇ,” ಎಂದು ಕಾರಂಜಿಯತ್ತ ಕೈ ತೋರಿಸಿದರು. “ಮೇ ತಿಂಗಳಲ್ಲಿಯೂ ಬತ್ತುತ್ತಿರಲಿಲ್ಲ. ಒಡೆದ ಹಂಚು ಸುರಿದು ಮುಚ್ಚಿಬಿಟ್ರು ಮಾರಾಯ್ರೆ!”

ಬಾವಿ ಯಾಕೆ ಮುಚ್ಚಿದಿರಿ ಎಂದು ನಕ್ಷೆ ಹಿಡಿದು ನಿಂತಿದ್ದ ಎಂಜಿನಿಯರರನ್ನು ಕೇಳಿದೆ.

“ಕಾರಂಜಿ ಸರಿಯಾಗಿ ಮಧ್ಯದಲ್ಲಿ ಬರಬೇಕು, ಅಲ್ವಾ ಸರ್? ಬಾವಿ ಅಡ್ಡ ಬಂತು.”

ಆ ಕಾಗದದ ಮೇಲಿನ ಕಾರಂಜಿಯನ್ನು ಹತ್ತಡಿ ಆಚೆ ಸರಿಸಲು ಇವರಿಗೇನು ಧಾಡಿಯಾಗಿತ್ತು? ಇಲ್ಲಿ ದುಡಿದವರ ನೆನಪಿಗಾದರೂ ಏನಾದರೂ ಇಟ್ಟಿದ್ದೀರಾ ಎಂದೆ. ಅವರ ಮುಖ ಅರಳಿತು.

“ಉಂಟಲ್ಲ, ನೋಡಿ!”

ಕಾರಂಜಿಯ ನಡುವೆ ಸಿಮೆಂಟಿನ ಹೆಂಗಸೊಬ್ಬಳು ಸೊಂಟದಲ್ಲಿ ಕೊಡವಿಟ್ಟುಕೊಂಡು ನಗುತ್ತಿದ್ದಳು. ಪಂಪು ಹಾಕಿದೊಡನೆ ಅವಳ ಕೊಡದಿಂದ ನೀರು ಧಾರಾಳವಾಗಿ ಉಕ್ಕಿ ಚೆಲ್ಲತೊಡಗಿತು.

ಗಿರಿಜಕ್ಕ ತಮ್ಮ ಕೊಡಪಾನವನ್ನು ಬೇಲಿಯ ಮೇಲಿನಿಂದ ಟ್ಯಾಂಕರಿನವನತ್ತ ಚಾಚಿದರು.

“ಅವಳದ್ದು ತುಂಬಿತಲ್ಲ ಮಗಾ, ಇನ್ನು ಇದಕ್ಕೂ ಸ್ವಲ್ಪ ಹಾಕು.”