ಹನ್ನೊಂದನೆಯ ಸ್ಲೈಡು

ಆ ಸೆಮಿನಾರಿಗೆ ನನ್ನನ್ನು ತೀರ್ಪುಗಾರಳಾಗಿ ಕರೆದದ್ದು ನನ್ನ ಇಂಗ್ಲಿಷಿನ ದೆಸೆಯಿಂದ. ಚಳ್ಳಕೆರೆಯಲ್ಲಿ ಇಪ್ಪತ್ತೈದು ವರ್ಷ ಸಂಸಾರ ಮಾಡಿದ್ದೇನೆ. ನಮ್ಮ ಬೀದಿಯ ಆಚೆ ನನ್ನ ಬಗ್ಗೆ ಜನಕ್ಕೆ ಗೊತ್ತಿರುವುದು ಎರಡೇ: ಕಾನ್ವೆಂಟಿನಲ್ಲಿ ಓದಿದವಳು, ಜೋರಾಗಿ ಮಾತಾಡದವಳು. ತೀರ್ಪುಗಾರಳಿಗೆ ಇಷ್ಟು ಸಾಕೆಂದು ಬಿ.ಎಡ್. ಕಾಲೇಜಿನವರಿಗೆ ಅನ್ನಿಸಿರಬೇಕು. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ 'ಪೋಷಕರ ಪ್ರತಿನಿಧಿ' ಎಂದು ಅಚ್ಚು ಹಾಕಿಸಿದ್ದರು. ನನ್ನ ಮಗಳು ಶಾಲೆ ಮುಗಿಸಿ ಆರು ವರ್ಷವಾಯಿತು. ಅದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ವಿಷಯ 'ಶಿಕ್ಷಕರ ಕಾನೂನಾತ್ಮಕ ಹಾಗೂ ವೃತ್ತಿಪರ ಹೊಣೆಗಾರಿಕೆಗಳು.' ಮಾತಾಡಬೇಕಾದವರು ಆರು ಜನ ವಿದ್ಯಾರ್ಥಿ ಶಿಕ್ಷಕರು. ಸಭಾಂಗಣದ ಕಿಟಕಿಗಳು ಎಣ್ಣೆ ಮಿಲ್ಲಿನ ಕಡೆಗಿದ್ದವು. ಕಡಲೆಕಾಯಿ ಹಿಂಡಿಯ ಕಮಟು ವಾಸನೆ ಒಳಗೆ ತುಂಬಿತ್ತು. ನಮ್ಮ ಮೇಜಿನ ಮೇಲೆ ಹೊಸ ಬಟ್ಟೆ ಹಾಸಿದ್ದರು, ಬೆಲೆಯ ಚೀಟಿ ಮೂಲೆಯಲ್ಲಿ ಹಾಗೇ ಇತ್ತು. ನನ್ನ ಪಕ್ಕದಲ್ಲಿ ನಿವೃತ್ತ ಅಧಿಕಾರಿಯೊಬ್ಬರು, ಅವರ ಆಚೆ ಅದೇ ಕಾಲೇಜಿನ ಒಬ್ಬ ಉಪನ್ಯಾಸಕರು. ಅಂಕ ಹಾಕುವ ಹಾಳೆಯಲ್ಲಿ ನಾಲ್ಕು ಕಾಲಮು: ವಿಷಯ, ಧ್ವನಿ, ಮಂಡನೆ, ಉಡುಪು.

ಮೊದಲ ಮೂವರು ಏನು ಹೇಳಿದರೋ ಮರೆತಿದ್ದೇನೆ. ನಾಲ್ಕನೆಯವಳನ್ನು ಮರೆಯುವುದಿಲ್ಲ.

ಕೆನೆ ಬಣ್ಣದ ಸೀರೆ, ಹೆಗಲಿನಲ್ಲಿ ಸಾಲಾಗಿ ಐದು ಪಿನ್ನು, ಕೈಯಲ್ಲಿ ಕೆಂಪು ಚುಕ್ಕಿ ಬೀಳುವ ಲೇಸರ್ ಕಡ್ಡಿ. ಆ ಚುಕ್ಕಿಯನ್ನು ಪರದೆಯ ಮೇಲೆ ಅದೆಷ್ಟು ವೇಗವಾಗಿ ಓಡಿಸುತ್ತಿದ್ದಳೆಂದರೆ ಅಕ್ಷರ ಓದುವ ಬದಲು ಎಲ್ಲರೂ ಚುಕ್ಕಿಯನ್ನೇ ನೋಡುತ್ತಿದ್ದರು. ಬಹುಶಃ ಒಳ್ಳೆಯದೇ ಆಯಿತು. ಅಕ್ಷರಗಳು ಅವಳವಲ್ಲ. 'ನಮ್ಮ ಕೌಂಟಿಯ ಶಾಲಾ ಮಂಡಳಿಯ ನಿಯಮದಂತೆ' ಎಂದು ಒಂದು ಕಡೆ ಗಟ್ಟಿಯಾಗಿ ಓದಿದಳು. ಚಿತ್ರದುರ್ಗ ಜಿಲ್ಲೆಯಲ್ಲಿ ಅಮೆರಿಕದ ಕೌಂಟಿ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಸ್ಲೈಡಿನಲ್ಲಿ ಚಿನ್ನದ ಕೂದಲಿನ ಮಕ್ಕಳು ಉಣ್ಣೆಯ ಟೋಪಿ ಹಾಕಿಕೊಂಡು ನಗುತ್ತಿದ್ದರು. ಶಿಕ್ಷಕರು ಖಾಸಗಿ ಟ್ಯೂಷನ್ ಹೇಳುವಂತಿಲ್ಲ ಎಂದು ಅವಳು ಓದಿದಾಗ ಹಿಂದಿನ ಸಾಲಿನಿಂದ ಕೆಮ್ಮು ಕೇಳಿತು. ಉಪನ್ಯಾಸಕರು ಕನ್ನಡಕ ತೆಗೆದು ಒರೆಸತೊಡಗಿದರು, ಆ ಸ್ಲೈಡು ಹೋಗುವವರೆಗೂ ಒರೆಸಿದರು.

"ಚೆನ್ನಾಗ್ ಮಾತಾಡ್ತಾಳ್ರಿ ಹುಡ್ಗಿ. ಭಯ ಅನ್ನೋದೇ ಇಲ್ಲ," ಎಂದರು ನನ್ನ ಪಕ್ಕದ ಅಧಿಕಾರಿಗಳು.

"ಸ್ವಲ್ಪ ಇದ್ದಿದ್ರೆ ಚೆನ್ನಾಗಿತ್ತು," ಎಂದೆ. ತಮಾಷೆ ಎಂದುಕೊಂಡು ನಕ್ಕರು.

ಆಮೇಲೆ ಹನ್ನೊಂದನೆಯ ಸ್ಲೈಡು ಬಂತು. ಮೇಲೆ ದೊಡ್ಡ ಅಕ್ಷರದಲ್ಲಿ 'ಮಕ್ಕಳ ಮಾಹಿತಿಯ ಗೋಪ್ಯತೆ'. ಕೆಳಗೆ ಒಂದು ಹುಡುಗಿಯ ಫೋಟೊ. ಎರಡು ಜಡೆ, ಕೆಂಪು ರಿಬ್ಬನ್ನು, ಎಡಗಡೆಯದು ಸಡಿಲ. ಫೋಟೊದ ಅಡಿಯಲ್ಲಿ ಹುಡುಗಿಯ ಹೆಸರು, ತರಗತಿ, ಊರು.

"ಈ ವಿದ್ಯಾರ್ಥಿನಿಗೆ ಫಿಟ್ಸ್ ಕಾಯಿಲೆ ಇದೆ," ಎಂದಳು ಮೈಕಿನಲ್ಲಿ. "ಇವಳ ತಾಯಿ ನನ್ನನ್ನು ನಂಬಿ ಈ ವಿಷಯ ಹೇಳಿದರು. ಇಂಥ ಮಾಹಿತಿಯನ್ನು ಶಿಕ್ಷಕರಾದವರು ಯಾವುದೇ ಕಾರಣಕ್ಕೂ ಯಾರಿಗೂ ಹೇಳಬಾರದು."

ನೂರರ ಮೇಲೆ ಜನ ಕೂತಿದ್ದರು. ಮೊಳಕಾಲ್ಮೂರಿನ ಹತ್ತಿರದ ಕೊಂಡ್ಲಹಳ್ಳಿಯ ಒಬ್ಬಳು ಶಿಕ್ಷಾರ್ಥಿ ಶುರುವಿನಿಂದಲೂ ಪ್ರತಿ ಸ್ಲೈಡಿನ ಫೋಟೊ ತೆಗೆಯುತ್ತಿದ್ದಳು. ಇದನ್ನೂ ತೆಗೆದಳು.

ಆ ಹುಡುಗಿ ನನಗೆ ಗೊತ್ತು. ಅವಳ ತಾಯಿ ಗೊತ್ತು. ಆ ತಾಯಿಯ ಬಾಯಿಂದ ಈ ಮಾತು ಹೊರಡಿಸಿದವಳೂ ನಾನೇ.

ಎರಡು ವರ್ಷದಿಂದ ನಾನು ಸೀರೆ ನೇಯಿಸುವುದು ಮೊಳಕಾಲ್ಮೂರಿನ ಆಕೆಯ ಹತ್ತಿರ. ಮನೆಯೊಳಗೆ ತೆಲುಗು, ನನ್ನ ಜೊತೆ ಕನ್ನಡ. ಒಂದು ಮಧ್ಯಾಹ್ನ ಸೆರಗಿನ ಬಣ್ಣ ಆರಿಸುತ್ತಾ ಕೂತಿದ್ದೆ. ಬಾಗಿಲ ಹತ್ತಿರ ನಿಂತಿದ್ದ ಮಗಳು, ಏಳನೇ ಕ್ಲಾಸು, ಇದ್ದಕ್ಕಿದ್ದಂತೆ ಬಿದ್ದಳು. ತಾಯಿ ಮಗ್ಗದ ಗುಂಡಿಯಿಂದ ಮೇಲೆದ್ದು ಬಂದು ಮೊಳೆಗೆ ತೂಗುಹಾಕಿದ್ದ ಬೀಗದ ಕೈ ಗೊಂಚಲನ್ನು ಮಗಳ ಮುಷ್ಟಿಗೆ ತುರುಕತೊಡಗಿದಳು. ನಾನು ಅದನ್ನು ಬಿಡಿಸಿ, ಹುಡುಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯಡಿಗೆ ನನ್ನ ಸೆರಗು ಮಡಿಸಿಟ್ಟೆ. ಕಾನ್ವೆಂಟಿನ ಪ್ರಥಮ ಚಿಕಿತ್ಸೆಯ ಪಾಠ ಕೈಗೆ ಅಷ್ಟು ನೆನಪಿತ್ತು. ಎರಡು ನಿಮಿಷದಲ್ಲಿ ಎಲ್ಲಾ ತಣ್ಣಗಾಯಿತು. ತಾಯಿ ಮೊದಲು ಬಾಗಿಲಿಗೆ ಚಿಲಕ ಹಾಕಿದಳು. ಆಮೇಲೆ ಮಗಳ ಬಾಯಿ ಒರೆಸಿದಳು.

"ಯಾರ್ಗೂ ಹೇಳ್ಬೇಡ್ರಿ ಅಕ್ಕಾರೆ," ಎಂದಳು. "ಮಾತ್ರೆ ನಡೀತಾ ಐತೆ. ಇಸ್ಕೂಲ್ನಾಗೆ ಗೊತ್ತಾತು ಅಂದ್ರೆ ಪಕ್ಕದಾಗೆ ಯಾರೂ ಕೂಡ್ರಲ್ಲ. ಅವ್ರಪ್ಪ ಆಗ್ಲೇ ಹೇಳ್ಬಿಟ್ಟವ್ರೆ, ಇಸ್ಕೂಲ್ನಾಗೆ ಒಂದ್ ಸಲ ಆದ್ರೂ ಸಾಕು, ಇಲ್ಲಾ ನಾಲ್ಕ್ ಜನದ ಬಾಯಿಗೆ ಬಿದ್ರೂ ಸಾಕು, ಬಿಡಿಸಿ ಮಗ್ಗಕ್ಕೆ ಕೂಡ್ರುಸ್ತೀನಿ ಅಂತ."

"ಶಾಲೆಯಲ್ಲಿ ಒಬ್ರಿಗಾದ್ರೂ ಗೊತ್ತಿರಬೇಕಮ್ಮಾ," ಎಂದೆ. "ಟೀಚರ್‌ಗೆ ಹೇಳು. ಗುಟ್ಟು ಕಾಯೋದು ಅವರ ಕೆಲಸದಲ್ಲೇ ಸೇರಿದೆ."

"ನಿಜಾನಾ ಅಕ್ಕಾರೆ?"

"ನಿಜ."

ಅಷ್ಟು ಧೈರ್ಯವಾಗಿ ಹೇಳಿದ್ದು ಒಂದು ನೆನಪಿನ ಬಲದಿಂದ. ಅದೇ ವಯಸ್ಸಿನಲ್ಲಿ ಒಂದು ದಿನ ನಾನು ತರಗತಿಯಿಂದ ಎದ್ದಾಗ ಬಿಳಿ ಸ್ಕರ್ಟಿನ ಮೇಲೆ ಕಲೆಯಾಗಿತ್ತು. ನನಗೇ ತಿಳಿದಿರಲಿಲ್ಲ. ಗಣಿತದ ಸಿಸ್ಟರ್ ಹಾಜರಿ ಪುಸ್ತಕವನ್ನು ಅಗಲವಾಗಿ ತೆರೆದುಕೊಂಡು, ಓದುತ್ತಿರುವವರಂತೆ, ಉದ್ದದ ಕಾರಿಡಾರಿನ ತುಂಬ ನನ್ನ ಬೆನ್ನಿಗೆ ಅಂಟಿಕೊಂಡು ನಡೆದು ಬಂದರು. ಹುಡುಗರ ಸಾಲು ದಾಟಿದೆವು. ಕೋಣೆಗೆ ಕರೆದೊಯ್ದು ಬಟ್ಟೆ ಕೊಟ್ಟರು. ಅದರ ಬಗ್ಗೆ ಒಂದು ಮಾತು ಆಡಲಿಲ್ಲ, ಅಂದೂ ಇಲ್ಲ, ಶಾಲೆ ಬಿಡುವ ದಿನವೂ ಇಲ್ಲ. ಆ ಸಿಸ್ಟರಿಗೆ ಯಾವ ಸ್ಲೈಡೂ ಗೊತ್ತಿರಲಿಲ್ಲ. ಎಲ್ಲ ಟೀಚರುಗಳೂ ಹಾಗೇ ಎಂದು ನಾನು ನಂಬಿಕೊಂಡು ಬದುಕಿದ್ದೆ. ನಂಬಿದ್ದನ್ನು ಇನ್ನೊಬ್ಬಳ ಮನೆಯಲ್ಲಿ ಉಪದೇಶ ಮಾಡಿದೆ.

ಆಕೆ ಹೇಳಿದ್ದು ಖಾಯಂ ಟೀಚರಿಗಲ್ಲ. ಅವರನ್ನು ಕಂಡರೆ ಹೆದರಿಕೆಯಂತೆ. ಪಾಠ ಕಲಿಯಲು ಚಳ್ಳಕೆರೆಯಿಂದ ಬಂದಿದ್ದ ಚಿಕ್ಕ ಮಿಸ್ಸಿಗೆ ಹೇಳಿದಳು. ಆ ಮಿಸ್ಸು ಮನೆಯ ಹೊಸ್ತಿಲ ಮೇಲೆ ಕೂತು ನೀರು ಕುಡಿದಿತ್ತಂತೆ, ನಗುನಗುತ್ತಾ ಮಾತಾಡಿಸಿತ್ತಂತೆ.

ಆ ಮಿಸ್ಸು ಈಗ ಸಡಿಲ ರಿಬ್ಬನ್ನಿನ ಮೇಲೆ ಕೆಂಪು ಚುಕ್ಕಿ ಓಡಿಸುತ್ತಾ ನಿಂತಿತ್ತು.

ನಾನು ಎದ್ದೆ. ಏನು ಮಾಡಬೇಕೆಂದು ಯೋಚಿಸಿರಲಿಲ್ಲ. ನೇರ ಹೋಗಿ ಪ್ರೊಜೆಕ್ಟರಿನ ಮುಂದೆ ನಿಂತೆ. ಬೆಳಕು ಕಣ್ಣಿಗೆ ಹೊಡೆಯಿತು. ಹುಡುಗಿಯ ಮುಖ ಪರದೆ ಬಿಟ್ಟು ನನ್ನ ಸೀರೆಯ ನೆರಿಗೆಗಳ ಮೇಲೆ ಬಿದ್ದು ಚೂರು ಚೂರಾಯಿತು.

"ಮೇಡಂ, ಅಡ್ಡ ಬರ್ತಾ ಇದ್ದೀರಿ," ಎಂದು ಯಾರೋ ಕೂಗಿದರು.

"ಗೊತ್ತು. ಮುಂದಿನ ಸ್ಲೈಡಿಗೆ ಹೋಗಮ್ಮಾ."

"ಮೇಡಂ, ಗೋಪ್ಯತೆಯಲ್ಲಿ ಇನ್ನೂ ಎರಡು ಪಾಯಿಂಟ್ ಇವೆ," ಎಂದಳು ಮೈಕಿನಲ್ಲೇ. ಸಭೆ ಗೊಳ್ಳೆಂದು ನಕ್ಕಿತು. ನಾನು ಕದಲಲಿಲ್ಲ. ಕೊನೆಗೆ ಗುಂಡಿ ಒತ್ತಿದಳು. ಮುಂದಿನದು 'ಧನ್ಯವಾದಗಳು', ಎರಡು ಗುಲಾಬಿ, ಒಂದು ಜೋಡಿ ಗಿಣಿ.

ಚಹಾ ಬಿಡುವಿನಲ್ಲಿ ಅವಳೇ ನನ್ನ ಹತ್ತಿರ ಬಂದಳು. ನನಗೆ ಫೋಟೊ ಇಷ್ಟವಾಗಲಿಲ್ಲ ಎಂದುಕೊಂಡಿದ್ದಳು.

"ಮೇಡಂ, ಫೋಟೊಗೆ ಪರ್ಮಿಷನ್ ತಗೊಂಡೀನಿ."

"ಯಾರ ಹತ್ರ? ಅವರಮ್ಮನ ಹತ್ರಾನಾ?"

"ಇಲ್ಲ ಮೇಡಂ, ನಮ್ಮ ಗೈಡ್ ಹತ್ರ. ರಿಯಲ್ ಕೇಸ್ ಹಾಕಿದ್ರೆ ಮಾರ್ಕ್ಸ್ ಜಾಸ್ತಿ ಅಂದ್ರು. ಕಣ್ಣಿಗೆ ಕಪ್ಪು ಪಟ್ಟಿ ಹಾಕೋಣ ಅಂತಿದ್ದೆ, ಚೆಂದ ಕಾಣ್ಲಿಲ್ಲ."

"ಹುಡುಗಿ ಶಾಲೆಯಲ್ಲಿ ಬಿದ್ದರೆ ಏನು ಮಾಡಬೇಕು ಅಂತ ಗೊತ್ತಾ ನಿನಗೆ?"

ಅವಳು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದಳು. "ಅದು ನಮ್ಮ ಟಾಪಿಕ್‌ನಾಗೆ ಬರಲ್ಲ ಮೇಡಂ."

ಬಿಸ್ಕತ್ತು ಮುರಿದು ಲೋಟದೊಳಗೆ ಬಿತ್ತು. ಆ ದಿನ ಅವಳ ಮುಖ ಬಾಡಿದ್ದು ಆಗ ಮಾತ್ರ.

ನನ್ನ ಹಾಳೆಯಲ್ಲಿ ಅವಳ ಹೆಸರಿನ ಮುಂದೆ ನಾಲ್ಕು ಸೊನ್ನೆ ಬರೆದೆ. ಉಡುಪಿನ ಕಾಲಮಿಗೂ ಸೊನ್ನೆ. ಅದು ಅನ್ಯಾಯ, ಸೀರೆ ಚೆನ್ನಾಗಿಯೇ ಉಟ್ಟಿದ್ದಳು. ಹಾಳೆ ಕೊಟ್ಟು, ಉಳಿದಿಬ್ಬರ ಮಾತು ಕೇಳದೆ, ಬಸ್ ನಿಲ್ದಾಣಕ್ಕೆ ನಡೆದೆ. ಸುದ್ದಿಗಿಂತ ಮೊದಲು ನಾನು ಮೊಳಕಾಲ್ಮೂರು ಮುಟ್ಟಬೇಕಿತ್ತು.

ಅರ್ಧ ದಾರಿಯಲ್ಲಿ ಪ್ರಾಂಶುಪಾಲರ ಫೋನು. "ಮೇಡಂ, ನಿಮ್ಮ ಮೊಮೆಂಟೊ ಇಲ್ಲೇ ಉಳೀತಲ್ಲ. ನಾಲ್ಕನೇ ಹುಡುಗೀಗೇ ಫಸ್ಟ್ ಪ್ರೈಜು. ನಿಮ್ಮ ಹಾಳೇಲಿ ಏನೋ ತಪ್ಪಾಗಿತ್ತು ಅಂತ ಕಾಣ್ತದೆ, ಅದನ್ನ ಬಿಟ್ಟು ಲೆಕ್ಕ ಹಾಕಿದ್ವಿ."

ಆ ಫೋಟೊ ತೆಗೆಸಿ ಎಂದೆ. ಎರಡು ಸಲ ಹೇಳಿದೆ.

"ಖಂಡಿತ ಮೇಡಂ, ತೆಗೆಸ್ತೀನಿ. ಅದೇನಾಗೈತೆ ಅಂದ್ರೆ, ಪಿಪಿಟಿ ಆಗ್ಲೇ ಗ್ರೂಪಿಗೆ ಹೋಗ್ಬಿಟ್ಟೈತೆ. ಎಲ್ಲಾರ್ಗೂ ಉಪಯೋಗ ಆಗ್ಲಿ ಅಂತ ನಾನೇ ಹಾಕ್ಸಿದೆ."

ಫೋನಿಟ್ಟು ಕಿಟಕಿಯ ಹೊರಗೆ ನೋಡಿದೆ. ಬಂಡೆಗುಡ್ಡಗಳು ಶುರುವಾಗಿದ್ದವು. ಇವರಿಗೆಲ್ಲ ದುಷ್ಟತನವಾದರೂ ಇದ್ದಿದ್ದರೆ ಬಯ್ಯುವುದಕ್ಕೆ ಒಂದು ಹಿಡಿ ಸಿಗುತ್ತಿತ್ತು. ಇವರ ಹತ್ತಿರ ಇರುವುದು ಪಾಯಿಂಟುಗಳು ಮಾತ್ರ.

ಮನೆಯ ಮುಂದೆ ನಿಂತಾಗ ಮಗ್ಗದ ಸದ್ದಿರಲಿಲ್ಲ. ಆಗಲೇ ಗೊತ್ತಾಗಿ ಹೋಗಿತ್ತು. ಕೊಂಡ್ಲಹಳ್ಳಿಯ ಹುಡುಗಿಯ ಮೊಬೈಲಿನಿಂದ ಆ ಫೋಟೊ ಎರಡು ಕೈ ದಾಟಿ ಅಪ್ಪನ ಮೊಬೈಲಿಗೆ ಬಂದಿತ್ತು. ಅಪ್ಪ ಜಗುಲಿಯ ಮೇಲೆ ಕೂತಿದ್ದರು. ಮೊಬೈಲು ಪಕ್ಕದಲ್ಲಿ ಬೋರಲು ಮಲಗಿತ್ತು. ನನ್ನನ್ನು ಕಂಡು ಎದ್ದು ನಿಂತರು. ಆ ಮರ್ಯಾದೆ ನನಗೆ ಹೊಡೆದಂತಾಯಿತು.

ತಾಯಿ ಮಾತ್ರ ಎದ್ದೇಳಲಿಲ್ಲ. "ಬರ್ರಿ ಅಕ್ಕಾರೆ," ಎಂದಳು. "ನೀವೇ ಅಲ್ಲೇನ್ರಿ ಹೇಳು ಅಂದಿದ್ದು? ಅದು ಅವ್ರ ಕೆಲ್ಸ ಅಂತ ಅಂದ್ರಿ."

"ಹೌದು. ನಾನೇ," ಎಂದೆ. "ತಪ್ಪಾಯ್ತು."

"ಆತು ಬಿಡ್ರಿ," ಎಂದರು ಅಪ್ಪ. "ಸೋಮಾರದಿಂದ ಕಳ್ಸಲ್ಲ. ಅಷ್ಟೇಯ. ಪಕ್ಕದಾಗೆ ಯಾರು ಕೂಡ್ರುತಾರೆ ಇನ್ನ?"

"ಕೂಡ್ರೋಳು ಕೂಡ್ರುತಾಳೆ." ಒಳಗಿನಿಂದ ಹುಡುಗಿಯ ದನಿ ಬಂತು. ಆಮೇಲೆ ಅವಳೇ ಬಂದು ಬಾಗಿಲಲ್ಲಿ ನಿಂತಳು. ಅವತ್ತು ರಿಬ್ಬನ್ನು ಇರಲಿಲ್ಲ. "ಆ ಮಿಸ್ ಹೋಯ್ತಲ್ಲ. ನಾನ್ ಹೋಗ್ತೀನಿ."

"ಬಿದ್ರೆ ಯಾರ್ ನೋಡ್ತಾರೆ ನಿನ್ನ?"

"ಎರಡ್ ಸಲ ಬಿದ್ದೀನಪ್ಪಾ."

ತಾಯಿ ತಟ್ಟನೆ ತಲೆ ಎತ್ತಿದಳು. "ಅಯ್ಯೋ ದೇವುಡಾ! ಯಾವಾಗ್ಲೇ?"

"ಒಂದ್ ಸಲ ಮಳೆಗಾಲದಾಗೆ, ಒಂದ್ ಸಲ ಹಬ್ಬದ ಮುಂಚೆ. ಊಟದ ಬೆಲ್ ಹೊಡೆದ ಮ್ಯಾಲೆ, ಕ್ಲಾಸ್ನಾಗೆ ನಾವಿಬ್ರೇ ಇದ್ವಿ. ನನ್ನ ಪಕ್ಕ ಕೂಡ್ರೋಳು ಮಗ್ಗುಲಿಗೆ ಹೊರಳಿಸಿ, ತಲೆ ಕೆಳಗೆ ಬ್ಯಾಗ್ ಇಟ್ಟಳಂತೆ. ಮುಖ ತೊಳೆಸಿದ್ಳು. ಊಟ ಮಾಡಿಲ್ಲ, ತಲೆ ತಿರುಗೈತೆ ಅಂತ ಎಲ್ಲಾರ್ಗೂ ಅಂದ್ಳು."

"ಅವ್ಳಿಗೆ ಯಾರ್ ಹೇಳ್ಕೊಟ್ರು?" ಎಂದರು ಅಪ್ಪ.

"ನಾನೇ. ಅವತ್ತು ಆಂಟಿ ಮಾಡಿದ್ರು ಅಂತ ಅವ್ವ ಹೇಳಿದ್ಳಲ್ಲ, ಹಂಗೇ ಹೇಳ್ಕೊಟ್ಟೆ."

ಒಂದು ಸಲ ಆದರೂ ಸಾಕು ಎಂದು ಅಪ್ಪ ಹಾಕಿದ್ದ ಷರತ್ತು ಎರಡು ಸಲ ಮುರಿದು ತಿಂಗಳುಗಳಾಗಿದ್ದವು. ಆಕಾಶವೇನೂ ಬಿದ್ದಿರಲಿಲ್ಲ. ಅವರು ಮೊಬೈಲು ಎತ್ತಿಕೊಂಡು, ಆ ಫೋಟೊ ತೆಗೆದು ನೋಡಿ, ಅಳಿಸಿದರು. ಒಂದು ಅಳಿಸಿದರೆ ಏನಾಗುತ್ತದೆ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

"ಸೋಮಾರ ನಾನೇ ಬಿಟ್ ಬರ್ತೀನಿ," ಎಂದರು. "ಯಾವನಾದ್ರೂ ಬಾಯಿ ತೆಗೀಲಿ, ನೋಡ್ತೀನಿ."

ತಾಯಿ ಎದ್ದು ಒಲೆಯ ಕಡೆ ಹೋದಳು. ಹೋಗುವಾಗ ನನ್ನ ಮುಖ ನೋಡದೆ ಹೇಳಿದಳು: "ಅಕ್ಕಾರೆ, ಇನ್ನೊಂದ್ ಸಲ ಯಾರ್ಗೂ ಟೀಚರ್‌ಗೆ ಹೇಳು ಅನ್ಬೇಡ್ರಿ." ನಾನು ತಲೆಯಾಡಿಸಿದೆ. ಆಕೆ ಕೊಟ್ಟ ಕಾಫಿಯಲ್ಲಿ ಸಕ್ಕರೆ ಇರಲಿಲ್ಲ. ಕುಡಿದೆ.

ಹೊರಡುವಾಗ ಹುಡುಗಿ ಬೀದಿಯ ತಿರುವಿನವರೆಗೂ ಬಂದಳು. ಬೆಂಚಿನ ಆ ಗೆಳತಿಗೆ ಏನಾದರೂ ಕೊಡಬೇಕೆಂದು ನನಗೆ ಆಸೆಯಾಯಿತು, ಒಂದು ಒಳ್ಳೆಯ ಪೆನ್ನೋ, ಒಂದು ಪುಸ್ತಕವೋ. ಅವಳ ಹೆಸರೇನು ಎಂದು ಕೇಳಿದೆ.

ಹುಡುಗಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. ಸಂಕೋಚದಿಂದ ಕಾಲ ಬೆರಳಿನಲ್ಲಿ ಮಣ್ಣು ಕೆದಕಿದಳು.

"ಅದ್ ಬ್ಯಾಡ ಆಂಟಿ," ಎಂದಳು. "ಹೇಳಲ್ಲ ಅಂತ ಅವ್ಳಿಗೆ ಮಾತು ಕೊಟ್ಟೀನಿ."