ಹುಲ್ಲಿನ ಮಷಿನ್ ಮತ್ತು ಆರದ ಕಂದೀಲು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಎಂಜಿನ್‌ಗಳೇ ಹೆಚ್ಚಿದ್ದವು. ಮನೆ ಶಹಾಪುರದಲ್ಲಿ, ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಅಪ್ಪ ಬಾವಿಯ ನೀರೆತ್ತುವ ಎಂಜಿನ್‌ಗಳನ್ನು ರಿಪೇರಿ ಮಾಡುತ್ತಿದ್ದ. ಕಕ್ಕೇರಾದಿಂದ, ರಾಮಸಮುದ್ರದಿಂದ ರೈತರು ಬಂದು ಕರೆದೊಯ್ಯುತ್ತಿದ್ದರು. ಅದು ಹೊಟ್ಟೆಪಾಡು. ಆದರೆ ಅವನ ಜೀವವೆಲ್ಲ ಇದ್ದದ್ದು ಯಾರಿಗೂ ಬೇಡವಾದ ಹಳೆಯ ಸಣ್ಣ ಎಂಜಿನ್‌ಗಳ ಮೇಲೆ. ಗುಜರಿಯಲ್ಲಿ, ಹಾಳು ಬಂಗಲೆಗಳಲ್ಲಿ, ಗಿರಣಿಗಳ ಹಿತ್ತಲಲ್ಲಿ ತುಕ್ಕು ಹಿಡಿದು ಬಿದ್ದವನ್ನು ಹುಡುಕಿ ತಂದು ಅವಕ್ಕೆ ಮತ್ತೆ ಉಸಿರು ಬರಿಸುತ್ತಿದ್ದ. ಹಿತ್ತಲ ಕಡೆಯ ಕಲ್ಲಿನ ಕೋಣೆಯಲ್ಲಿ ಗೋಡೆಗುಂಟ ಅವು ಸಾಲಾಗಿ ಕೂತಿರುತ್ತಿದ್ದವು. ಸಂಜೆ ಆ ಕೋಣೆಗೆ ಒಬ್ಬನೇ ಹೋಗಲು ನನಗೆ ಅಂಜಿಕೆ. ಕತ್ತಲೆಯಲ್ಲಿ ಅವು ನನ್ನನ್ನೇ ನೋಡುತ್ತಿವೆ ಅನ್ನಿಸುತ್ತಿತ್ತು.

ಆ ವರ್ಷ ಸುರಪುರದಲ್ಲಿ ಹಳೆಯ ಬಂಗಲೆಯೊಂದನ್ನು ಖಾಲಿ ಮಾಡಿದರು. ಅದರ ಕುದುರೆ ಲಾಯದಲ್ಲಿ ಒಂದು ಯಂತ್ರ ಬಿದ್ದಿತ್ತು. ಅಪ್ಪ ಅದನ್ನು ಬಂಡಿಯಲ್ಲಿ ಹೇರಿಕೊಂಡು ಬಂದ. ಕೆಳಗೆ ಭಾರದ ಉರುಳೆ, ಮುಂದೆ ಸುರುಳಿಯಾಗಿ ತಿರುಚಿದ ಅಲಗುಗಳು, ಮೇಲೆ ಒಂದು ಪುಟ್ಟ ಪೆಟ್ರೋಲ್ ಎಂಜಿನ್, ಹಿಂದೆ ತಳ್ಳಲು ಎರಡು ಹಿಡಿಕೆ. ಆ ಬಂಗಲೆಯ ಸಾಹೇಬರ ಅಂಗಳದ ಹುಲ್ಲನ್ನು ಒಂದೇ ಮಟ್ಟಕ್ಕೆ ಕತ್ತರಿಸುತ್ತಿದ್ದ ಮಷಿನ್ ಅದು. ನೀರು ತಾಗಿದರೆ ಅದರ ತುಕ್ಕಿನಿಂದ ರಕ್ತದಂಥ ವಾಸನೆ ಬರುತ್ತಿತ್ತು. ಅವ್ವನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಅಡುಗೆ ಮನೆಯ ಕಡೆ ಮುಖ ಮಾಡಿ ಇಡಬೇಡಿ ಅಂದಳು.

ಎದುರುಮನೆಯ ಕಾಕಾ ಬಂದು ಮಷಿನ್ ಸುತ್ತ ಒಂದು ಸುತ್ತು ಹಾಕಿದ. “ಹುಲ್ಲು ಕೊಯ್ಯಾಕ ಇಷ್ಟು ದೊಡ್ಡ ಮಷಿನ್ ಯಾಕೋ ಮಾರಾಯ? ನಮ್ಮ ಎಮ್ಮಿ ಬಿಟ್ಟಿದ್ರ ಹುಲ್ಲೂ ಮೇಯ್ತಿತ್ತು, ಮ್ಯಾಲ ಹಾಲೂ ಕೊಡ್ತಿತ್ತು.”

“ನಿನ್ನ ಎಮ್ಮಿಗಿ ಪೆಟ್ರೋಲ್ ಹಾಕಿ ಹಗ್ಗ ಜಗ್ಗಿದ್ರ ಚಾಲೂ ಆಗ್ತದೇನು?” ಎಂದ ಅಪ್ಪ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಆ ಎಂಜಿನ್ ಸುಲಭಕ್ಕೆ ಬಗ್ಗಲಿಲ್ಲ. ಪಿಸ್ಟನ್ ಒಳಗೆ ಕಚ್ಚಿಕೊಂಡು ಕೂತಿತ್ತು. ಅಪ್ಪ ಪ್ಲಗ್ಗಿನ ತೂತಿನಿಂದ ಸೀಮೆಎಣ್ಣೆ, ಶೇಂಗಾ ಎಣ್ಣೆ ಬೆರೆಸಿ ಹುಯ್ದು, ದಿನಾ ಸಂಜೆ ಕಟ್ಟಿಗೆಯ ತುಂಡು ಇಟ್ಟು ಮೆತ್ತಗೆ ಬಡಿಯುತ್ತಿದ್ದ. ಜೋಳ ರಾಶಿಯಾಗಿ ಮನೆಗೆ ಬಂದ ಮೇಲೆ ಒಂದು ದಿನ ಅದು ಬಿಟ್ಟುಕೊಟ್ಟಿತು. ಒಳಗೆ ಯಾರೋ ನಿಟ್ಟುಸಿರು ಬಿಟ್ಟಂತೆ ಸದ್ದಾಯಿತು. ಅಪ್ಪ ಇನ್ನೊಂದು ಸತ್ತ ಎಂಜಿನ್ನಿನಿಂದ ಪಿಸ್ಟನ್ನಿನ ರಿಂಗ್ ಬಿಚ್ಚಿ ತಿಕ್ಕಿ ಇದಕ್ಕೆ ಕೂಡಿಸಿದ. ದಪ್ಪ ರಟ್ಟಿನಲ್ಲಿ ವಾಷರ್ ಕತ್ತರಿಸಿದ. ಪ್ಲಗ್ಗನ್ನು ಕಬ್ಬಿಣಕ್ಕೆ ತಾಗಿಸಿ ಹಿಡಿದು ನನಗೆ ಚಕ್ರ ತಿರುಗಿಸಲು ಹೇಳಿದ. ಚಿಟ್ ಎಂದು ನೀಲಿ ಕಿಡಿ ಹಾರಿತು. “ಜೀವ ಅದ” ಎಂದ.

ಅಪ್ಪನದೊಂದು ಪದ್ಧತಿ ಇತ್ತು. ಸತ್ತು ಎದ್ದ ಎಂಜಿನ್ ಮೊದಲ ಸಲ ಚಾಲೂ ಆಗುವಾಗ ಅದರ ಮೇಲೆ ಹೊರಗಿನವರ ಕಣ್ಣು ಬೀಳಬಾರದು, ಗಾಳಿ ತಾಗಬಾರದು. ಹಸಿ ಬಾಣಂತಿಯನ್ನೂ ಕೂಸನ್ನೂ ಹೇಗೆ ಕೋಣೆಯಲ್ಲಿ ಇಡುತ್ತಾರೋ ಹಾಗೆ. ಬಾಗಿಲು ಹಾಕಿ, ಊದುಬತ್ತಿ ಹಚ್ಚಿ, ಹಗ್ಗ ಎಳೆಯುತ್ತಿದ್ದ. ನಾಲ್ಕು ಸಲ ಕೆಮ್ಮಿ ಅದು ಓಡತೊಡಗಿದರೆ ಬಾಗಿಲು ತೆಗೆದು ಅಂಗಳಕ್ಕೆ ತರುತ್ತಿದ್ದ. ಅಷ್ಟು ಹೊತ್ತಿನಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಈ ಸಲ ಮಾತು ಬೇರೆ. ಕೂಡಿಸಿದ ರಿಂಗು ಸಿಲಿಂಡರಿಗೆ ಹೊಂದಿಕೊಳ್ಳಬೇಕಾದರೆ ಟ್ಯಾಂಕಿನ ಪೆಟ್ರೋಲ್ ಮುಗಿಯುವ ತನಕ ಎಂಜಿನ್ ನಿಲ್ಲಿಸುವಂತಿಲ್ಲ ಎಂದು ಅವನು ತೀರ್ಮಾನಿಸಿದ್ದ.

ಅವನು ಹುಂಬನಾಗಿರಲಿಲ್ಲ. ಇದನ್ನು ನೀವು ತಿಳಿಯಬೇಕು. ನಮ್ಮ ಕಡೆ ಆಗ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಇಡುತ್ತಿದ್ದರು. ಮೇಲೆ ಸಣ್ಣ ಬಾಯಿ, ಕೆಳಗೆ ಕೋಣೆಯಷ್ಟು ಅಗಲದ ಗುಂಡಿ. ವರ್ಷಗಟ್ಟಲೆ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಅದಕ್ಕೇ ಯಾರೂ ಇಳಿಯುವ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ಆರಿದರೆ ಒಳಗೆ ಸಾವು ಕೂತಿದೆ ಎಂದು ಅರ್ಥ. ಉರಿದರೆ ಇಳಿಯಬಹುದು. ಅಪ್ಪನ ಅಣ್ಣ ಒಮ್ಮೆ ಅವಸರಕ್ಕೆ ಕಂದೀಲು ಬಿಡದೆ ಇಳಿದವನು, ಮತ್ತೆ ಮೇಲೆ ಬಂದದ್ದು ಹೆಣವಾಗಿ. ಆಗ ಹಗ್ಗ ಹಿಡಿದು ಮೇಲೆ ನಿಂತಿದ್ದವನು ಅಪ್ಪ. ಅಂದಿನಿಂದ ಅವನು ದೇವರನ್ನು ನಂಬುತ್ತಿದ್ದನೋ ಇಲ್ಲವೋ, ಕಂದೀಲನ್ನು ನಂಬುತ್ತಿದ್ದ.

ಆಷಾಢದ ಗಾಳಿ ಎದ್ದಿತ್ತು ಆ ದಿನ. ಎರೆಹೊಲಗಳ ಮಣ್ಣು ಹಾರಿ ಆಕಾಶವೆಲ್ಲ ಬೂದಿ ಬಣ್ಣಕ್ಕೆ ತಿರುಗಿತ್ತು. ಮಲಗಿದ ಬುದ್ಧನ ಗುಡ್ಡ ಮಬ್ಬಿನಲ್ಲಿ ಹೆಣ ಮಲಗಿಸಿದಂತೆ ಕಾಣುತ್ತಿತ್ತು. ಅವ್ವ ಹೊಲಕ್ಕೆ ಹೋಗಿದ್ದಳು. ಅಕ್ಕ ಅಂಗಳದ ಮೂಲೆಯಲ್ಲಿ, ಗಾಳಿಗೆ ಬೆನ್ನು ಮಾಡಿ ಜೋಳ ಹಸನು ಮಾಡುತ್ತಿದ್ದಳು. ಧೂಳು ಎಂಜಿನ್ನಿನೊಳಗೆ ಹೋದೀತೆಂದು ಅಪ್ಪ ಮಾಳಿಗೆಯ ಬೆಳಕಿಂಡಿಯ ಮೇಲೂ ಪರಸಿಕಲ್ಲಿನ ಚಪ್ಪಡಿ ಎಳೆದು ಬಂದ. ಬಾಗಿಲಿನ ಸಂದಿಗೆ ಗೋಣಿಚೀಲ ತುರುಕಿದ. ಅಗಳಿ ಹಾಕಿದ. ಗೂಟಕ್ಕೆ ಕಂದೀಲು ತೂಗುಹಾಕಿ ನನ್ನನ್ನು ಅದರ ಕೆಳಗೆ ಕೂಡಿಸಿದ.

“ತಮ್ಮಾ, ನೀ ಮಷಿನ್ ಕಡೀ ನೋಡಬ್ಯಾಡ. ದೀಪದ ಮ್ಯಾಗ ಕಣ್ಣಿಡು. ಸಣ್ಣದಾತು ಅಂದ್ರ ಕೂಗು. ಬಾಗಿಲ ತೆಗೆದು ಓಡಿಬಿಡೋಣ.”

ಹಗ್ಗ ಸುತ್ತಿ ಎಳೆದ. ಮತ್ತೆ ಸುತ್ತಿದ, ಮತ್ತೆ ಎಳೆದ. ಒಮ್ಮೆಲೇ ಅದು ಬಡಬಡ ಎಂದು ಎದ್ದಿತು. ಕಲ್ಲಿನ ಗೋಡೆಗಳು ಸದ್ದನ್ನು ಹೊರಗೆ ಬಿಡದೆ ನಮ್ಮ ಎದೆಗೇ ತಿರುಗಿ ಬಡಿದವು. ಸುಟ್ಟ ಎಣ್ಣೆಯ ವಾಸನೆ, ತೆಳ್ಳಗೆ ನೀಲಿ ಹೊಗೆ. ಅಪ್ಪನ ಮುಖ ಮದುವಣಿಗನ ಮುಖದಂತಾಗಿತ್ತು. ಕೈಸನ್ನೆ ಮಾಡಿ ದೀಪ ಹೇಗಿದೆ ಎಂದು ಕೇಳಿದ. ಸರಿಯಿದೆ ಎಂದು ತಲೆಯಾಡಿಸಿದೆ. ದೀಪ ನೆಟ್ಟಗೆ ಉರಿಯುತ್ತಿತ್ತು.

ಸ್ವಲ್ಪ ಹೊತ್ತಿಗೆ ನನ್ನ ಹಣೆಯ ಎರಡೂ ಬದಿ ಹಿಂಡಿದಂತಾಯಿತು. ಹೊಗೆಗೆ ಹೀಗಾಗುತ್ತದೆ ಅಂದುಕೊಂಡೆ. ಜಂತಿಯ ಸಂದಿಯಲ್ಲಿ ಗುಬ್ಬಿಗಳು ಗೂಡು ಕಟ್ಟಿದ್ದವು. ಒಂದು ಗುಬ್ಬಿ ಅಲ್ಲಿಂದ ನನ್ನ ಕಾಲ ಬಳಿ ಬಿತ್ತು. ಹಾರಲಿಲ್ಲ, ರೆಕ್ಕೆ ಬಡಿಯಲಿಲ್ಲ, ಮಣ್ಣಿನ ಹೆಂಟೆಯಂತೆ ಬಿತ್ತು. ನಾನು ಅಪ್ಪನಿಗೆ ಅದನ್ನು ಎತ್ತಿ ತೋರಿಸಿದೆ. ಅಪ್ಪ ಗುಬ್ಬಿಯನ್ನು ನೋಡಿದ. ಆಮೇಲೆ ದೀಪವನ್ನು ನೋಡಿದ. ನನ್ನ ಕಿವಿಯ ಹತ್ತಿರ ಬಂದು, “ಸಪ್ಪಳಕ್ಕ ಅಂಜ್ಯದ. ದೀಪ ಛಲೋ ಉರಿಯಾಕತ್ತದ, ನೋಡು” ಎಂದ. ಆ ಮಾತು ಅವನ ಬಾಯಿಂದ ನಿಧಾನವಾಗಿ, ನಿದ್ದೆಯಲ್ಲಿ ಮಾತಾಡಿದಂತೆ ಬಂತು.

ಆಮೇಲೆ ಅವನು ಗೋಡೆಗೆ ಒರಗಿ ಕೂತ. ದಣಿದಿದ್ದಾನೆ ಎಂದು ತಿಳಿದೆ. ಕೈಯಿಂದ ಸ್ಪ್ಯಾನರ್ ಜಾರಿತು, ಅವನು ಎತ್ತಿಕೊಳ್ಳಲಿಲ್ಲ. ನಾನು ಕರೆಯಬೇಕೆಂದುಕೊಂಡೆ, ಆದರೆ ನನ್ನ ಕೆಲಸ ದೀಪ ನೋಡುವುದು. ದೀಪ ಮಾತ್ರ ಆ ಕೋಣೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿತ್ತು.

ಹೊರಗೆ ಅಕ್ಕನ ಕೈ ನಿಂತಿತ್ತು. ಅವಳು ಆಮೇಲೆ ಹೇಳಿದಳು: ಅಪ್ಪ ಎಂಜಿನ್ ಚಾಲೂ ಮಾಡಿದ ಮೇಲೆ ಸುಮ್ಮನಿರುವವನಲ್ಲ. ಏರಿಸುತ್ತಾನೆ, ಇಳಿಸುತ್ತಾನೆ, ಕಿವಿಗೊಟ್ಟು ಮತ್ತೆ ಏರಿಸುತ್ತಾನೆ. ಇದು ಒಂದೇ ಸಮ ಓಡುತ್ತಿತ್ತು. ಮುಟ್ಟುವವರೇ ಇಲ್ಲದಂತೆ. ಅವಳು ಬಾಗಿಲು ಬಡಿದಳಂತೆ, ನಮಗೆ ಕೇಳಲಿಲ್ಲ. ನೂಕಿದಳಂತೆ, ಅಗಳಿ ಜಗ್ಗಲಿಲ್ಲ. ಓಣಿಯ ಕಡೆ ಬಾಯಿ ಮಾಡಿ ಕಾಕಾನನ್ನು ಕೂಗಿ, ಹೇಗಾದರೂ ಎಂಜಿನ್ ನಿಲ್ಲಿಸಬೇಕೆಂದು ನೀರಿನ ಕೊಡ ಸೊಂಟಕ್ಕಿಟ್ಟು ನಿಚ್ಚಣಿಕೆ ಹತ್ತಿ ಮಾಳಿಗೆಗೆ ಓಡಿದಳು.

ಬೆಳಕಿಂಡಿಯ ಕಲ್ಲು ಸರಿದು ಎಂಜಿನ್ನಿನ ಮೇಲ್ಗಡೆ ಆಕಾಶ ತೆರೆಯಿತು. ಬೂದಿ ಬಣ್ಣದ ಒಂದು ತುಂಡು ಆಕಾಶ, ಅದರಲ್ಲಿ ಅಕ್ಕನ ಮುಖ. ಮರುಕ್ಷಣ ಕೊಡದ ನೀರೆಲ್ಲ ಕಾದ ಎಂಜಿನ್ನಿನ ಮೇಲೆ ಬಿತ್ತು. ಉಗಿ ಎದ್ದಿತು. ಟಣ್ ಎಂದು ಕಬ್ಬಿಣ ಸೀಳಿದ ಸದ್ದು. ಆಮೇಲೆ ಎಂಥ ಮೌನ ಎಂದರೆ, ಆ ಮೌನಕ್ಕೇ ನನಗೆ ಎಚ್ಚರವಾದಂತಾಯಿತು.

“ಏ ತಮ್ಮಾ, ಅಗಳಿ ತೆಗಿ” ಎಂದಳು ಅಕ್ಕ ಮೇಲಿನಿಂದ. “ಮಲ್ಕೋಬ್ಯಾಡ. ಈಗೇನರ ಮಲಕೊಂಡ್ಯೋ, ಕೆಳಗ ಬಂದು ಒದೀತೀನಿ ನೋಡು. ತೆವಳ್ಕೋತ ಹೋಗು, ಹ್ಞಾಂ, ಆ ಕಡೀ ಅಲ್ಲ, ಬಾಗಿಲ ಕಡೀ.”

ಕಾಲು ನನ್ನವಾಗಿರಲಿಲ್ಲ. ಅವಳ ಬೈಗುಳವನ್ನೇ ಹಗ್ಗದಂತೆ ಹಿಡಿದು ತೆವಳಿದೆ. ಅಗಳಿ ಹೇಗೆ ಸರಿಯಿತೋ ನೆನಪಿಲ್ಲ. ಬಾಗಿಲು ತೆರೆದಾಗ ಮಣ್ಣು ತುಂಬಿದ ಗಾಳಿ ಮುಖಕ್ಕೆ ಬಡಿಯಿತು. ಅಷ್ಟು ಒಳ್ಳೆಯ ಗಾಳಿಯನ್ನು ನಾನು ಮತ್ತೆಂದೂ ಕುಡಿದಿಲ್ಲ. ಕಾಕಾ ಒಳಗೆ ನುಗ್ಗಿ ಅಪ್ಪನ ಕಂಕುಳಿಗೆ ಕೈ ಹಾಕಿ ಅಂಗಳಕ್ಕೆ ಎಳೆದು ತಂದ.

ಅಪ್ಪನ ಮುಖ ಕೆಂಪಗೆ, ಆರೋಗ್ಯವಂತನ ಮುಖದಂತೆ ಇತ್ತು. ಅದೇ ಹೆಚ್ಚು ಅಂಜಿಸುವಂತಿತ್ತು. ಅಕ್ಕ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಜೋಳ ಕೇರುವ ಮೊರದಿಂದ ಗಾಳಿ ಹಾಕುತ್ತಾ, “ಯಪ್ಪಾ, ಏಳು. ಯಪ್ಪಾ, ಉಸರ ತಗೋ” ಎನ್ನುತ್ತಿದ್ದಳು. ಎಮ್ಮೆಯ ಜೋಕು ಮಾಡಿದ ಕಾಕಾ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಅಳುತ್ತಿದ್ದ. ಅವ್ವ ಹೊಲದಿಂದ ಓಡಿ ಬರುವ ಹೊತ್ತಿಗೆ ಅಪ್ಪ ವಾಂತಿ ಮಾಡಿಕೊಂಡ. ಆಮೇಲೆ ಕಣ್ಣು ತೆರೆದ. ಎಷ್ಟೋ ಹೊತ್ತು ನಮ್ಮ ಗುರುತೇ ಇಲ್ಲದವನಂತೆ ನೋಡಿ, ಒಂದು ಮಾತು ಕೇಳಿದ.

“ದೀಪ ಆರಿತ್ತೇನು?”

ಅಕ್ಕ ಕೋಣೆಯ ಕಡೆ ನೋಡಿದಳು. “ಇಲ್ಲಪ್ಪಾ. ಇನ್ನಾ ಉರಿಯಾಕತ್ತದ.”

ಅಪ್ಪ ಕಣ್ಣು ಮುಚ್ಚಿಕೊಂಡ. ಅವನು ಅಂಜಿದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ.

ಬದುಕಿದ. ಬಹಳ ದಿನ ತಲೆನೋವು ಬಿಡಲಿಲ್ಲ, ಕೈಯಲ್ಲಿ ಸಣ್ಣ ನಡುಕ ಉಳಿಯಿತು. ಹುಲ್ಲಿನ ಮಷಿನ್ನಿನ ಸಿಲಿಂಡರ್ ಸೀಳಿ ಹೋಗಿತ್ತು, ಅದನ್ನು ಮತ್ತೆ ಮುಟ್ಟಲಿಲ್ಲ. ಎದ್ದು ಓಡಾಡುವಂತಾದ ದಿನ ಕೋಣೆಯ ಬಾಗಿಲನ್ನು ಕೀಲಿನಿಂದ ಕಿತ್ತು ಒಲೆಗೆ ಸೀಳಿ ಹಾಕಿದ. ಆಮೇಲೆ ಬಂದ ಎಂಜಿನ್‌ಗಳೆಲ್ಲ ಊರ ಕಣ್ಣೆದುರಿಗೇ ಅಂಗಳದಲ್ಲಿ ಚಾಲೂ ಆದವು. ಆದರೂ ಆ ದೀಪ ಯಾಕೆ ಆರಲಿಲ್ಲ ಎನ್ನುವುದು ಅವನನ್ನು ಒಳಗೇ ಕೊರೆಯುತ್ತಿತ್ತು. ಮಾಟ ಎಂದರು ಕೆಲವರು. ಸಾಹೇಬನ ಆತ್ಮ ಎಂದರು ಇನ್ನು ಕೆಲವರು.

ನಮ್ಮ ವಂಶದಲ್ಲಿ ಮೊದಲ ಡಿಗ್ರಿ ನನ್ನದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಓದಿಗಾಗಿ ಮನೆಯವರೆಲ್ಲ ಅರೆಹೊಟ್ಟೆ ಉಂಡಿದ್ದರು. ಕಲಬುರಗಿಯ ಕಾಲೇಜಿನಲ್ಲಿ ಒಂದು ದಿನ ರಸಾಯನಶಾಸ್ತ್ರದ ಮೇಷ್ಟ್ರು ಕಾರ್ಬನ್ ಮೊನಾಕ್ಸೈಡ್ ಪಾಠ ಮಾಡಿದರು. ಬಣ್ಣವಿಲ್ಲ, ವಾಸನೆಯಿಲ್ಲ. ಎಂಜಿನ್ನಿನ ಹೊಗೆಯಲ್ಲಿ ಕೂತು ರಕ್ತಕ್ಕೆ ಸೇರುತ್ತದೆ. ದೀಪ ಉರಿಯಲು ಬೇಕಾದಷ್ಟು ಗಾಳಿ ಇರುವಾಗಲೇ ಮನುಷ್ಯನನ್ನು ಕೊಲ್ಲುತ್ತದೆ. ಶನಿವಾರ ಬಸ್ಸು ಹಿಡಿದು ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಹಗೇವಿನ ಗಾಳಿ ಬೇರೆ, ಎಂಜಿನ್ನಿನ ಗಾಳಿ ಬೇರೆ ಎಂದೆ. ಅವನು ಎರಡೆರಡು ಸಲ ಕೇಳಿಸಿಕೊಂಡ.

“ಹಂಗಾರ ಅಣ್ಣಗ ಬಂದಿದ್ದ ಸಾವೇ ಬ್ಯಾರೆ, ನನಗ ಬಂದಿದ್ದೇ ಬ್ಯಾರೆ ಅನ್ನು” ಎಂದ. ಆಮೇಲೆ, “ಛಲೋ ಆತು ಓದಿದ್ದು” ಎಂದ. ಅವನ ಬಾಯಿಂದ ನನ್ನ ಓದಿಗೆ ಸಿಕ್ಕ ಸರ್ಟಿಫಿಕೇಟು ಅದೊಂದೇ.

ಮಕ್ಕಳೇ, ನಿಮ್ಮ ಕಾಲ ಬೇರೆ. ಯಾದಗಿರಿಯ ಈ ಮನೆಯಲ್ಲಿ ಬೆಳಕಿಂಡಿ ಇಲ್ಲ, ಹಗೇವು ಇಲ್ಲ. ಎಂಜಿನ್ ಎಂದರೆ ನಿಮಗೆ ಅಂಗಿಗೆ ಎಣ್ಣೆ ಮೆತ್ತದ, ಸದ್ದೇ ಮಾಡದ ವಸ್ತು. ಆದರೆ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆ. ಅದೂ ಉರಿಯುತ್ತದೆ, ಅದರ ಹೊಟ್ಟೆಯಿಂದಲೂ ಅದೇ ವಿಷ ಬರಬಹುದು. ಚಳಿಗಾಲದ ಬೆಳಿಗ್ಗೆ ನೀವು ಅಲ್ಲಿನ ಕಿಟಕಿ ಮುಚ್ಚುತ್ತೀರಿ, ನಾನು ಹೋಗಿ ತೆಗೆಯುತ್ತೇನೆ. ಮತ್ತೆ ಮುಚ್ಚುತ್ತೀರಿ. ನೀವು ಒಳಗಿರುವಷ್ಟು ಹೊತ್ತು ನಾನು ಹೊರಗೆ ಕುರ್ಚಿ ಹಾಕಿಕೊಂಡು ಕೂತು ಆಗಾಗ ಬಾಗಿಲು ಬಡಿಯುತ್ತೇನೆ. ಅಜ್ಜನಿಗೆ ಅರಳುಮರಳು ಎಂದು ನೀವು ಒಳಗೆ ನಗುವುದು ನನಗೆ ಕೇಳಿಸುತ್ತದೆ. ನಗಿರಿ. ಆ ನಗು ಕೇಳಿಸುವ ತನಕ ನಾನು ಬಾಗಿಲು ಒಡೆಯುವುದಿಲ್ಲ.